ಕಂಡಕ್ಟರ್ ಕೈಯೊಳಗಿನ ಕಂಪ್ಯೂಟರ್

ನಾನು ಹತ್ತಿದ್ದು ಗುಬ್ಬಿಯಲ್ಲಿ. ತಿಪಟೂರು ಕಡೆಯ ಬಸ್ಸು, ಸಂಜೆ ಹೊತ್ತು, ನಿಲ್ಲಲು ಜಾಗ ಸಿಕ್ಕಿದ್ದೇ ಪುಣ್ಯ. "ಎಲ್ಲಿಗೆ ಸಾರ್?" ಅಂದರು ಕಂಡಕ್ಟರ್. "ನಿಟ್ಟೂರು" ಅಂದೆ. ಅವರ ಹೆಬ್ಬೆರಳು ಕೈಯಲ್ಲಿದ್ದ ಯಂತ್ರದ ಕೆಳಮೂಲೆಗೆ ಹೋಯಿತು, ಅಲ್ಲಿ ಏನನ್ನೋ ತಡಕಿತು, ಸಿಗದೆ ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಅವರು ತಲೆ ತಗ್ಗಿಸಿ ಪರದೆ ನೋಡಿಕೊಂಡು ತೋರುಬೆರಳಲ್ಲಿ ಮುಟ್ಟಿದರು.

ಬೆರಳು ಹುಡುಕಿದ್ದು ಹಳೆಯ ಯಂತ್ರದ ಗುಂಡಿಯನ್ನು. ವರ್ಷಗಟ್ಟಲೆ ಒತ್ತಿ ಒತ್ತಿ ಅಂಕಿ ಸವೆದು ಹೋದ ಆ ರಬ್ಬರ್ ಗುಂಡಿಗಳು ಎಲ್ಲಿವೆ ಎಂಬುದು ಕಣ್ಣಿಗಿಂತ ಚೆನ್ನಾಗಿ ಹೆಬ್ಬೆರಳಿಗೆ ಗೊತ್ತಿತ್ತು. ಬಸ್ಸು ಎಷ್ಟೇ ಎಗರಲಿ, ಕಂಡಕ್ಟರ್ ನಿಮ್ಮ ಮುಖ ನೋಡುತ್ತಲೇ ಟಿಕೆಟ್ ಹರಿದು ಕೊಡುತ್ತಿದ್ದರು. ಈಗ ಬಂದಿರುವುದು ನಯವಾದ ಗಾಜು. ಗಾಜಿನ ಮೇಲೆ ಬೆರಳಿಗೆ ಗುರುತು ಸಿಗುವಂಥದ್ದು ಏನೂ ಇಲ್ಲ. "ಹೊಸದು ಹೆಂಗಿದೆ?" ಅಂತ ಕೇಳಿದೆ. "ಚೆನ್ನಾಗೈತೆ ಸಾರ್. ಆದ್ರೆ ಇದನ್ನ ನೋಡ್ಕೊಂಡೇ ಒತ್ತಬೇಕು" ಅಂದರು. ಕೈಯೊಳಗಿನ ಕಂಪ್ಯೂಟರ್ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ಚಿಕ್ಕದು, ಇಷ್ಟು ಸರಿಯಾದದ್ದು ಇನ್ನೊಂದಿಲ್ಲ.

ಗಾಜಿನ ಹಿಂದೆ ಕಣ್ಣಿಗೆ ಕಾಣದಷ್ಟು ತೆಳುವಾದ ವಾಹಕ ಗೆರೆಗಳು ಅಡ್ಡ ಉದ್ದ ಹಾದಿರುತ್ತವೆ. ಅವುಗಳಲ್ಲಿ ಸದಾ ಒಂದಿಷ್ಟು ವಿದ್ಯುದಾವೇಶ. ನಮ್ಮ ಮೈಯೆಂದರೆ ಉಪ್ಪುನೀರಿನ ಚೀಲ, ಅದೂ ವಿದ್ಯುತ್ ವಾಹಕ. ಬೆರಳು ಹತ್ತಿರ ಬಂದೊಡನೆ ಆ ಜಾಗದ ಆವೇಶ ಚೂರು ಕದಲುತ್ತದೆ. ಎಲ್ಲಿ ಕದಲಿತು ಎಂದು ಒಳಗಿನ ಚಿಪ್ಪು ಸೆಕೆಂಡಿಗೆ ಹತ್ತಾರು ಸಲ ಅಳೆದು ನೋಡುತ್ತಿರುತ್ತದೆ. ಅಂದರೆ ಇಲ್ಲಿ ಒತ್ತುವ ಪ್ರಶ್ನೆಯೇ ಇಲ್ಲ, ಸೋಕಿದರೆ ಸಾಕು. ಮಳೆಗಾಲದಲ್ಲಿ ಕೊಡೆ ಮಡಚಿ ಹತ್ತಿದವರ ಕೈಯಿಂದ ಒದ್ದೆ ನೋಟು ಇಸಿದುಕೊಂಡು, ಅದೇ ಬೆರಳಲ್ಲಿ ಪರದೆ ಮುಟ್ಟಿದರೆ ನೀರಿನ ಹನಿಯೂ ಬೆರಳಿನ ಹಾಗೇ ಕಾಣುತ್ತದೆ, ಚಿಪ್ಪಿಗೆ ದಿಕ್ಕು ತಪ್ಪುತ್ತದೆ. ಓಡುವ ಬಸ್ಸಿಗೆ ಗುಂಡಿಯೇ ಸರಿ ಎಂಬುದು ನನ್ನ ಖಾಸಾ ಅಭಿಪ್ರಾಯ. ಆದರೆ ಗುಂಡಿಯಿಂದ ಆಗದ ಒಂದು ಕೆಲಸ ಈ ಗಾಜಿನಿಂದ ಆಗುತ್ತದೆ. ಅದು ಚಿತ್ರ ತೋರಿಸಬಲ್ಲದು.

"ಫೋನ್‌ಪೇ ಮಾಡ್ತೀರಾ, ಚಿಲ್ಲರೆ ಕೊಡ್ತೀರಾ?" ಅಂದರು. ಯಾವ ಆ್ಯಪ್ ಇದ್ದರೂ ನಮ್ಮ ಕಡೆ ಅದಕ್ಕೆ ಫೋನ್‌ಪೇ ಅಂತಲೇ ಹೆಸರು. ಮಾಡ್ತೀನಿ ಅಂದೆ. ಪರದೆಯ ಮೇಲೆ ಕಪ್ಪು ಬಿಳಿ ಚೌಕಗಳ ರಂಗೋಲಿ ಮೂಡಿತು.

2024ರ ಕೊನೆಯ ಹೊತ್ತಿಗೆ ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಈ ಬಗೆಯ ಪಾವತಿ ರೂಢಿಗೆ ಬಂತು. ಕಿರಾಣಿ ಅಂಗಡಿಯ ಗೋಡೆಗೆ ಅಂಟಿಸಿದ ಕ್ಯೂಆರ್‌ಗೂ ಇದಕ್ಕೂ ವ್ಯತ್ಯಾಸವಿದೆ. ಗೋಡೆಯದು ಅಂಗಡಿಯ ವಿಳಾಸ ಮಾತ್ರ ಹೇಳುತ್ತದೆ, ಎಷ್ಟು ಹಣ ಎಂದು ನೀವು ಬರೆಯಬೇಕು. ಬಸ್ಸಿನದು ಆ ಕ್ಷಣದಲ್ಲಿ, ಆ ಟಿಕೆಟಿಗೆಂದೇ ಹುಟ್ಟಿದ್ದು. ಯಾರಿಗೆ, ಎಷ್ಟು, ಯಾವ ವ್ಯವಹಾರಕ್ಕೆ ಎಂಬುದೆಲ್ಲ ಅದರೊಳಗೇ ಇರುತ್ತದೆ. ಈ ಚೌಕದ ಬರವಣಿಗೆಯನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯ ಮಸಹಿರೊ ಹಾರಾ ಮತ್ತವರ ತಂಡ ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಕಾರ್ಖಾನೆಯ ಎಣ್ಣೆ ಮಸಿಯಲ್ಲಿ ಒಂದು ಭಾಗ ಅಳಿಸಿದರೂ ಓದಲು ಬರಬೇಕು ಎಂದು ಒಂದೇ ಮಾಹಿತಿಯನ್ನು ಗಣಿತದ ಉಪಾಯದಿಂದ ಹೆಣೆದು ಹರಡಿರುತ್ತಾರೆ. ಗೀರು ಬಿದ್ದ ಪರದೆಯ ಮೇಲೂ, ಎಗರುವ ಬಸ್ಸಿನಲ್ಲೂ ನನ್ನ ಫೋನು ಅದನ್ನು ಒಂದೇ ನೋಟಕ್ಕೆ ಓದಿತು. ಪಿನ್ ಹಾಕಿದೆ. ಫೋನಿನಲ್ಲಿ ಚಕ್ರ ತಿರುಗತೊಡಗಿತು. ಯಂತ್ರದಲ್ಲೂ ಚಕ್ರ.

ನನ್ನ ಫೋನಿಗೂ ಆ ಯಂತ್ರಕ್ಕೂ ನಡುವೆ ಇದ್ದದ್ದು ಒಂದು ಅಡಿ. ಆದರೆ ಅವೆರಡೂ ನೇರವಾಗಿ ಮಾತಾಡುವುದಿಲ್ಲ. ನನ್ನ ಫೋನು ರಸ್ತೆ ಪಕ್ಕದ ಯಾವುದೋ ಟವರಿಗೆ ಹೇಳಬೇಕು, ಟವರು ನೆಲದೊಳಗಿನ ಗಾಜಿನ ಎಳೆಗೆ ಕೊಡಬೇಕು, ಅದು ನೂರಾರು ಕಿಲೋಮೀಟರ್ ಆಚೆಯ ಸರ್ವರಿಗೆ ತಲುಪಬೇಕು. ಅಲ್ಲಿಂದ ನನ್ನ ಬ್ಯಾಂಕಿಗೆ 'ಕಳೆಯಿರಿ' ಅಂತ ಒಂದು ಮಾತು, ಆಚೆಯ ಬ್ಯಾಂಕಿಗೆ 'ಕೂಡಿಸಿ' ಅಂತ ಇನ್ನೊಂದು ಮಾತು. ಇಬ್ಬರೂ ಹೂಂ ಅಂದ ಮೇಲೆ ಸುದ್ದಿ ಮತ್ತೆ ಅದೇ ದಾರಿ ಹಿಡಿದು, ಗುಬ್ಬಿ ನಿಟ್ಟೂರು ನಡುವೆ ಓಡುತ್ತಿರುವ ಬಸ್ಸನ್ನು ಹುಡುಕಿಕೊಂಡು ಬರಬೇಕು. ಪಕ್ಕದ ಮನೆಗೆ ಉಪ್ಪು ಕೇಳಲು ತುಮಕೂರಿಗೆ ಹೋಗಿ ಬಂದಂತೆ! ದೂರ ಇಲ್ಲಿ ದೊಡ್ಡ ವಿಷಯವೇ ಅಲ್ಲ. ಗಾಜಿನ ಎಳೆಯಲ್ಲಿ ಬೆಳಕು 1,000 ಕಿಲೋಮೀಟರ್ ಹೋಗಲು 5 ಮಿಲಿಸೆಕೆಂಡ್ ಸಾಕು, ಕಣ್ಣು ಮಿಟುಕಿಸುವುದಕ್ಕೆ ಅದರ ಇಪ್ಪತ್ತು ಪಟ್ಟು ಬೇಕು. ಈ ಇಡೀ ಪಯಣದಲ್ಲಿ ಅತಿ ಕಷ್ಟದ ತುಂಡು ಅತಿ ಚಿಕ್ಕದು. ನನ್ನ ಕೈಯಿಂದ ಟವರಿನವರೆಗಿನ ಗಾಳಿ.

ಚಕ್ರ ತಿರುಗುತ್ತಲೇ ಇತ್ತು. ಎರಡೂ ಬದಿ ತೋಟ. ಕಂಡಕ್ಟರ್ ಏನೂ ಗಾಬರಿಯಾಗದೆ ಯಂತ್ರ ಹಿಡಿದ ಕೈಯನ್ನು ಕಿಟಕಿಯ ಕಡೆಗೆ ಚಾಚಿದರು. "ಇಲ್ಲಿ ಒಂದೇ ಕಡ್ಡಿ ಸಾರ್. ತೋಟ ದಾಟ್ಲಿ, ಬರ್ತೈತೆ."

ಕಡ್ಡಿ ಎಂಬ ಈ ಮಾತನ್ನು ಯಾರು ಟಂಕಿಸಿದರೋ, ಬಹಳ ಚೆಂದ. ಆದರೆ ಕಡ್ಡಿ ನಮ್ಮನ್ನು ಒಂದು ವಿಷಯದಲ್ಲಿ ಏಮಾರಿಸುತ್ತದೆ. ನಾಲ್ಕು ಕಡ್ಡಿ ಇದ್ದದ್ದು ಒಂದಾದರೆ ಸಿಗ್ನಲ್ ಕಾಲು ಭಾಗವಾಯಿತು ಅಂದುಕೊಳ್ಳುತ್ತೇವೆ. ಎಷ್ಟಕ್ಕೆ ಎಷ್ಟು ಕಡ್ಡಿ ಎಂಬುದು ಒಂದೊಂದು ಫೋನಿಗೆ ಒಂದೊಂದು ಥರ, ಆದರೂ ಸುಮಾರಾಗಿ ಹೇಳುವುದಾದರೆ ಅದು ಸಾವಿರದಲ್ಲೊಂದು ಭಾಗಕ್ಕೆ ಇಳಿದಿರುತ್ತದೆ. ರೇಡಿಯೊ ಲೋಕದಲ್ಲಿ ಎಲ್ಲವೂ ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟಿನ ಲೆಕ್ಕ. ಸಾವಿರದಲ್ಲೊಂದು ಪಾಲನ್ನೂ ಹೆಕ್ಕಿ ಮಾತು ಕೇಳಿಸಿಕೊಳ್ಳುತ್ತದಲ್ಲ, ನಿಜವಾದ ಅಚ್ಚರಿ ಅದು.

ಟವರ್ ದೂರವಾದಷ್ಟೂ ಫೋನು ಗಂಟಲು ಏರಿಸುತ್ತದೆ, ಆದರೆ ಅದಕ್ಕೂ ಮಿತಿ ಇದೆ. 4ಜಿ ಫೋನು ಎಷ್ಟೇ ಕೂಗಿದರೂ ಸಾಮಾನ್ಯವಾಗಿ 0.2 ವಾಟ್ ದಾಟುವುದಿಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ಶುರು ಮಾಡಿದ ಬಾನುಲಿ ಕೇಂದ್ರದ ಶಕ್ತಿ 30 ವಾಟ್. ಆಕಾಶವಾಣಿ ಎಂಬ ಹೆಸರು ದೇಶಕ್ಕೆಲ್ಲ ಹೋದದ್ದು ಆ ಕೇಂದ್ರದಿಂದ. ಅದಕ್ಕೆ ಹೋಲಿಸಿದರೆ ಫೋನಿನದು ನೂರೈವತ್ತರಲ್ಲಿ ಒಂದು ಪಾಲು. ಗೋಪಾಲಸ್ವಾಮಿಯವರ ಕೇಂದ್ರ ಹೇಳುತ್ತಿತ್ತು, ಊರು ಕೇಳುತ್ತಿತ್ತು. ಈಗ ಬಸ್ಸಿನಲ್ಲಿ ನಿಂತ ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ಕೇಂದ್ರ, ಹೇಳುವುದೂ ಉಂಟು ಕೇಳುವುದೂ ಉಂಟು. ಕಡ್ಡಿ ಕಡಿಮೆ ಇದ್ದಲ್ಲಿ ಫೋನು ಬಿಸಿಯಾಗುವುದು, ಬ್ಯಾಟರಿ ಬೇಗ ಇಳಿಯುವುದು ಈ ಕೂಗಾಟದಿಂದ.

ಇನ್ನು ತೋಟ ಏನು ಮಾಡುತ್ತದೆ? ಗುಬ್ಬಿಯಿಂದ ಆಚೆಗೆ ಅಡಿಕೆ ಮತ್ತು ತೆಂಗು ಬಿಟ್ಟರೆ ಕಣ್ಣಿಗೆ ಬೇರೆ ಕಾಣುವುದು ಕಡಿಮೆ. ಒಂಬತ್ತಡಿಗೊಂದು ಅಡಿಕೆ ಮರ, ನಡುನಡುವೆ ತೆಂಗು, ಮೇಲೆ ಸೋಗೆಯ ಚಪ್ಪರ. ಹಸಿ ಎಲೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ನೀರಿನ ಅಣುವಿನ ಒಂದು ತುದಿ ಚೂರು ಧನ, ಇನ್ನೊಂದು ತುದಿ ಚೂರು ಋಣ. ರೇಡಿಯೊ ಅಲೆ ಹಾದಾಗ ಅಣುಗಳು ಅದರ ತಾಳಕ್ಕೆ ಹೊರಳಲು ನೋಡುತ್ತವೆ, ಒಂದಕ್ಕೊಂದು ತಾಗುತ್ತವೆ, ಅಲೆಯ ಶಕ್ತಿ ಶಾಖವಾಗಿ ಸೋರುತ್ತದೆ. ಮೈಕ್ರೊವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದೂ ಹೀಗೇ. ಒಲೆಯ 2.45 ಗಿಗಾಹರ್ಟ್ಸ್ ನೀರಿನ ವಿಶೇಷ ಶ್ರುತಿ ಎಂದು ಬಹಳ ಕಡೆ ಬರೆದಿರುತ್ತಾರೆ, ಅದು ಸರಿಯಲ್ಲ. ನೀರು ಅತಿ ಹೆಚ್ಚು ಹೀರುವುದು ಅದಕ್ಕಿಂತ ಬಹಳ ಮೇಲೆ, 20 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಆವರ್ತನ ಏರಿದಂತೆ ನಷ್ಟವೂ ಏರುತ್ತದೆ. ಹೀರಿದ್ದು ಹೋಗಿ ಮಿಕ್ಕದ್ದನ್ನು ಗರಿಗಳು ದಿಕ್ಕಾಪಾಲು ಚದುರಿಸುತ್ತವೆ. 900 ಮೆಗಾಹರ್ಟ್ಸ್ ಅಲೆಯ ಉದ್ದ 33 ಸೆಂಟಿಮೀಟರ್, 2,300 ಮೆಗಾಹರ್ಟ್ಸಿನದು 13. ಅಲೆ ಚಿಕ್ಕದಾದಷ್ಟೂ ಗರಿ ದೊಡ್ಡ ಅಡ್ಡಿ. ಆದ್ದರಿಂದ ನಮ್ಮ ತೋಟಗಳಲ್ಲಿ ಕೆಳಗಿನ ಆವರ್ತನ ಬಳಸುವ ಸಿಮ್ಮಿಗೆ ಕಡ್ಡಿ ಬರುತ್ತದೆ, ಪಟ್ಟಣದಲ್ಲಿ ಮಿಂಚಿನಂತೆ ಓಡುವ ಇನ್ನೊಂದು ಸಿಮ್ಮು ಇಲ್ಲಿ ಮಂಕಾಗುತ್ತದೆ. ಮಳೆಯ ಹನಿ ಈ ಅಲೆಗಳಿಗೆ ಲೆಕ್ಕಕ್ಕಿಲ್ಲ, ಮಳೆಯಲ್ಲಿ ನೆಂದ ಸೋಗೆ ಮಾತ್ರ ಲೆಕ್ಕಕ್ಕಿದೆ.

ಬಸ್ಸೂ ಸುಮ್ಮನಿಲ್ಲ. ತಗಡಿನ ಪೆಟ್ಟಿಗೆ ಅಲೆಯನ್ನು ಒಳಗೆ ಬಿಡದು. ಬಿಡುವುದು ಕಿಟಕಿ ಮಾತ್ರ. ಒಳಗೆ ಬಂದದ್ದನ್ನೂ ನಿಂತ ಜನ ಹೀರುತ್ತಾರೆ, ಅವರೂ ನೀರಿನ ಚೀಲಗಳೇ. ಕಂಡಕ್ಟರ್ ಕೈ ಕಿಟಕಿಗೆ ಚಾಚಿದ್ದು ಯಾವ ಪುಸ್ತಕ ಓದಿಯೂ ಅಲ್ಲ. ಆದರೆ ಆ್ಯಂಟೆನಾ ಎಂಜಿನಿಯರನ್ನು ಕೇಳಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ.

ತೋಟ ಮುಗಿದು ಬಯಲು ಬಂತು. ಯಂತ್ರ 'ಕರ್‌ರ್' ಎಂದು ಟಿಕೆಟ್ ಉಗುಳಿತು.

ಟಿಕೆಟ್ ಕೈಗಿಟ್ಟು ಹಿಂದಿನ ಸೀಟಿಗೆ ಹೋದರು. ಅಲ್ಲಿದ್ದ ಮೂವರು ಹೆಂಗಸರಿಗೆ ಮೂರು ಟಿಕೆಟ್ ಬಂತು, ಮೊತ್ತ ಸೊನ್ನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಈ ಶೂನ್ಯ ಟಿಕೆಟ್ ದಿನಾ ಲಕ್ಷಗಟ್ಟಲೆ ಅಚ್ಚಾಗುತ್ತಿದೆ. ದುಡ್ಡೇ ಕೊಡದಿದ್ದ ಮೇಲೆ ಟಿಕೆಟ್ ಯಾಕೆ ಎಂದು ನಮ್ಮೂರಿನ ಅಜ್ಜಿಯೊಬ್ಬರು ಕೇಳಿದ್ದುಂಟು. ಕಾಗದ ಅಜ್ಜಿಗೆ, ಸುದ್ದಿ ಸರ್ಕಾರಕ್ಕೆ. ಎಷ್ಟು ಜನ, ಎಲ್ಲಿಂದ ಎಲ್ಲಿಗೆ ಎಂಬ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡಬೇಕಲ್ಲ. ಈ ಲೆಕ್ಕ ಆ ಕ್ಷಣವೇ ಹೋಗಬೇಕೆಂದೇನೂ ಇಲ್ಲ. ದಾರಿಯ ಸ್ಟೇಜುಗಳು, ದರ ಎಲ್ಲ ಯಂತ್ರದ ಹೊಟ್ಟೆಯಲ್ಲೇ ಇರುವುದರಿಂದ ಕಡ್ಡಿ ಇಲ್ಲದಿದ್ದರೂ ಟಿಕೆಟ್ ಬರುತ್ತದೆ, ಲೆಕ್ಕವನ್ನು ಕೂಡಿಟ್ಟುಕೊಂಡು ಆಮೇಲೆ ಒಪ್ಪಿಸಬಹುದು. ಹಿಂದೆ ಕಂಡಕ್ಟರ್ ಪೆನ್ಸಿಲ್ ಹಿಡಿದು ವೇಬಿಲ್ಲಿನಲ್ಲಿ ಬರೆಯುತ್ತಿದ್ದದ್ದೂ ಇದನ್ನೇ. ಗಾಳಿಯನ್ನು ಪೂರ್ತಿ ನಂಬದೆ ಇರುವುದು ಒಳ್ಳೆಯ ಕೈಯಂತ್ರದ ಲಕ್ಷಣ.

ಯಂತ್ರವನ್ನು ಕಂಡಕ್ಟರ್ ನನ್ನ ಕೈಗೆ ಕೊಡಲಿಲ್ಲ, ಕೊಡಲೂಬಾರದು. ಹಿಂದಕ್ಕೆ ಬಂದು ಕುಳಿತಾಗ ತಿರುಗಿಸಿ ತೋರಿಸಿದರು. ಮೇಲೆ ಕಾಗದದ ಸುರುಳಿ, ಬೆನ್ನಿಗೆ ಬ್ಯಾಟರಿ, ಕೊರಳಿಗೊಂದು ಪಟ್ಟಿ. ಮಗ್ಗುಲು ಮುಟ್ಟಿದರೆ ಬೆಚ್ಚಗಿತ್ತು. ಇಂಥ ಯಂತ್ರಗಳ ಒಳಗೆ ಸಾಮಾನ್ಯವಾಗಿ ನಾಲ್ಕೈದು ರೇಡಿಯೊ ಇರುತ್ತವೆ, ಒಂದೊಂದರ ಜಾಯಮಾನ ಒಂದೊಂದು ಬಗೆ.

ಬ್ಲೂಟೂತ್ ಮನೆಯೊಳಗಿನ ಪಿಸುಮಾತು. ಕರೆಂಟ್ ಮೀಟರ್ ಓದಲು ಬರುವವರ ಕೈಯಲ್ಲೊಂದು ಫೋನು, ಸೊಂಟದಲ್ಲೊಂದು ಪುಟ್ಟ ಪ್ರಿಂಟರು ನೋಡಿರುತ್ತೀರಿ, ನಡುವೆ ತಂತಿ ಇರುವುದಿಲ್ಲ. ಹಳೆಯ ಬಗೆಯ ಬ್ಲೂಟೂತ್ 79 ಚೌಕಗಳ ಕುಂಟೆಬಿಲ್ಲೆ. ಒಂದೇ ಆವರ್ತನದಲ್ಲಿ ನಿಲ್ಲದೆ ಸೆಕೆಂಡಿಗೆ 1,600 ಸಲ ಚೌಕದಿಂದ ಚೌಕಕ್ಕೆ ಕುಪ್ಪಳಿಸುತ್ತದೆ. ಎಲ್ಲಿಂದ ಎಲ್ಲಿಗೆ ಎಂಬುದು ಆ ಜೋಡಿಗೆ ಮಾತ್ರ ಗೊತ್ತು. ಪಕ್ಕದಲ್ಲಿ ಇನ್ನೊಂದು ಜೋಡಿ ಕುಪ್ಪಳಿಸುತ್ತಿದ್ದರೂ ಅಪರೂಪಕ್ಕೊಮ್ಮೆ ಕಾಲು ತಾಗೀತು ಅಷ್ಟೆ.

ಎನ್‌ಎಫ್‌ಸಿ, ಅಂದರೆ ಕಾರ್ಡು ತಾಗಿಸಿದರೆ ಪೀಂ ಅನ್ನುವ ವ್ಯವಸ್ಥೆ, ಇನ್ನೂ ತಮಾಷೆಯದು. ಅದರ ಆವರ್ತನ 13.56 ಮೆಗಾಹರ್ಟ್ಸ್, ಅಲೆಯ ಉದ್ದ 22 ಮೀಟರ್, ಅಂದರೆ ಎರಡು ಬಸ್ಸಿನಷ್ಟು. ಆದರೆ ಕೆಲಸ ಮಾಡುವುದು ನಾಲ್ಕು ಬೆರಳಿನ ಅಂತರದೊಳಗೆ. ಹೇಗೆಂದರೆ ಅಲ್ಲಿ ಅಲೆ ಹೊರಡುವುದೇ ಇಲ್ಲ ಎನ್ನಬಹುದು. ನಮ್ಮ ತೋಟದ ಪಕ್ಕದ ಟಿಸಿ ಇದೆಯಲ್ಲ, ಬೇಸಿಗೆಯಲ್ಲಿ ಸುಟ್ಟುಹೋಗಿ ರೈತರ ನಿದ್ದೆ ಕೆಡಿಸುವ ಟ್ರಾನ್ಸ್‌ಫಾರ್ಮರ್, ಅದರೊಳಗೆ ಎರಡು ಸುರುಳಿ. ಒಂದರಲ್ಲಿ ಕರೆಂಟ್ ಏರಿಳಿದರೆ ಮುಟ್ಟದೆಯೇ ಇನ್ನೊಂದರಲ್ಲಿ ಕರೆಂಟ್ ಹುಟ್ಟುತ್ತದೆ. ಎನ್‌ಎಫ್‌ಸಿ ಎಂದರೆ ಅಂಗೈಯಗಲದ ಟಿಸಿ. ಒಂದು ಸುರುಳಿ ಯಂತ್ರದಲ್ಲಿ, ಇನ್ನೊಂದು ಕಾರ್ಡಿನಲ್ಲಿ. ಕಾರ್ಡಿಗೆ ಬ್ಯಾಟರಿ ಬೇಡ, ಯಂತ್ರದ ಸುರುಳಿಯಿಂದಲೇ ಉಂಡು, ಉಂಡ ಕ್ಷಣದಲ್ಲೇ ಉತ್ತರ ಕೊಡುತ್ತದೆ.

ಇದಕ್ಕೆ ತದ್ವಿರುದ್ಧ ಜಿಪಿಎಸ್. ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಉಪಗ್ರಹಗಳು ಸಮಯ ಸಾರುತ್ತಿರುತ್ತವೆ. ನೆಲ ಮುಟ್ಟುವ ಹೊತ್ತಿಗೆ ಆ ದನಿ ಒಂದು ವಾಟಿನ ಹತ್ತು ಸಾವಿರ ಲಕ್ಷ ಕೋಟಿಯಲ್ಲೊಂದು ಪಾಲಿಗೆ ಬಂದಿರುತ್ತದೆ. ಯಂತ್ರ ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಗಂಟೆ ಕೇಳಿ, ಯಾವುದು ಎಷ್ಟು ತಡವಾಗಿ ಬಂತು ಎಂದು ತಾಳೆ ಹಾಕಿ ತನ್ನ ಜಾಗ ತಿಳಿಯುತ್ತದೆ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ 300 ಮೀಟರ್ ತಪ್ಪು, ನಿಮ್ಮ ತೋಟ ಪಕ್ಕದವನ ಸರ್ವೆ ನಂಬರಿಗೆ ಹೋಗುತ್ತದೆ. ಇದು ಬರಿಯ ತಮಾಷೆಯಲ್ಲ. 2020ರಿಂದ ಕರ್ನಾಟಕದಲ್ಲಿ ರೈತರೇ ಆ್ಯಪ್ ಹಿಡಿದು ಬೆಳೆ ಸಮೀಕ್ಷೆ ಮಾಡುವುದು ಬಂದಿದೆ. ಹೊಲದಲ್ಲೇ ನಿಂತು ಫೋಟೊ ತೆಗೆಯಬೇಕು, ಜಾಗ ತಾಳೆಯಾಗಬೇಕು. ದಟ್ಟ ಅಡಿಕೆ ತೋಟದ ನಡುವೆ ನಿಂತರೆ ಅಷ್ಟು ಕ್ಷೀಣವಾದ ದನಿಯನ್ನು ಸೋಗೆ ನುಂಗಿ, ಮಿಕ್ಕದ್ದನ್ನು ಚದುರಿಸಿ, ನೀಲಿ ಚುಕ್ಕೆ ಅತ್ತಿತ್ತ ತೂರಾಡುತ್ತದೆ. ನಾನು ಆಗೆಲ್ಲ ಬದುವಿನ ಬಯಲಿಗೆ ಬಂದು ಹತ್ತು ಎಣಿಸುತ್ತೇನೆ. ಇನ್ನೊಂದು ಮಾತು: ಉಪಗ್ರಹ ನಮ್ಮನ್ನು ನೋಡುತ್ತಿದೆ ಎಂದು ಅನೇಕರು ತಿಳಿದಿದ್ದಾರೆ. ಜಿಪಿಎಸ್ ಉಪಗ್ರಹಕ್ಕೆ ನೀವು ಇರುವುದೂ ಗೊತ್ತಿಲ್ಲ. ಗಡಿಯಾರದ ಗೋಪುರಕ್ಕೆ ಸಮಯ ನೋಡಿದವರು ಯಾರೆಂದು ಗೊತ್ತಿರುತ್ತದೆಯೇ? ಗೊತ್ತಾದದ್ದನ್ನು ಊರಿಗೆಲ್ಲ ಹೇಳುವುದು ನಿಮ್ಮದೇ ಫೋನು, ಅದೂ ಟವರಿನ ಮೂಲಕ.

ಇಷ್ಟೆಲ್ಲ ರೇಡಿಯೊ ಒಂದು ಮುಷ್ಟಿಯಲ್ಲಿ ಕಂಡಾಗ ನನಗೆ ನೆನಪಾಗುವುದು, ಇವು ಯಾವುವೂ ಒಳಗಿಲ್ಲದೆ ಹುಟ್ಟಿದ ಒಂದು ಬೆಂಗಳೂರಿನ ಕೂಸು. ಸಿಂಪ್ಯೂಟರ್.

1998ರಲ್ಲಿ ಬೆಂಗಳೂರಿನಲ್ಲಿ ಸೇರಿದ ಒಂದು ಅಂತರರಾಷ್ಟ್ರೀಯ ಸಭೆ, ಬಡ ದೇಶಗಳ ಜನರಿಗೂ ಮಾಹಿತಿ ತಂತ್ರಜ್ಞಾನ ಮುಟ್ಟಬೇಕು ಎಂದು ಘೋಷಣೆ ಹೊರಡಿಸಿತು. ಘೋಷಣೆಗಳು ಸಾಮಾನ್ಯವಾಗಿ ಕಡತದಲ್ಲಿ ಮಲಗುತ್ತವೆ. ಇದು ಮಲಗಲಿಲ್ಲ. ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್, ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಹಾಗೂ ಅವರ ಸಂಗಡಿಗರು ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲಿನಲ್ಲಿ ಮಾದರಿ ಯಂತ್ರ ಹೊರಬಂತು. 206 ಮೆಗಾಹರ್ಟ್ಸಿನ ಸ್ಟ್ರಾಂಗ್‌ಆರ್ಮ್ ಚಿಪ್ಪು, ಲಿನಕ್ಸ್, ಅಂಗೈಯಗಲದ ಕಪ್ಪು ಬಿಳುಪು ಪರದೆ, ಕಡ್ಡಿಯಿಂದ ಮುಟ್ಟಿ ಬರೆಯುವ ಅನುಕೂಲ. ಈ ಕಡ್ಡಿ ಬೇರೆ, ಕೈಯಲ್ಲಿ ಹಿಡಿಯುವಂಥದ್ದು. ಓದಲು ಬಾರದವರಿಗೆ ಯಂತ್ರವೇ ಓದಿ ಹೇಳಲಿ ಎಂದು 'ಧ್ವನಿ' ಎಂಬ ತಂತ್ರಾಂಶ ಬರೆದರು, ಅದು ಕನ್ನಡವನ್ನೂ ಓದುತ್ತಿತ್ತು. ಯಂತ್ರದ ನಕ್ಷೆಯನ್ನು ಮುಚ್ಚಿಡಲಿಲ್ಲ, ಒಂದು ಪರವಾನಗಿಯಡಿ ಯಾರು ಬೇಕಾದರೂ ತೆಗೆದುಕೊಂಡು ತಯಾರಿಸಬಹುದಿತ್ತು. ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ಆ ವರ್ಷದ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಇದನ್ನು ವರ್ಷದ ಮಹತ್ವದ ಆವಿಷ್ಕಾರವೆಂದು ಬರೆದ.

ಬೆಲೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿರಬೇಕು ಎಂದು ಗುರಿ. ಆಗಿನ ಕಾಲಕ್ಕೆ ಅದು ಹಳ್ಳಿಯವನ ಕೈಗೆ ಎಟುಕುವ ದುಡ್ಡಲ್ಲ, ಅದು ಅವರಿಗೂ ಗೊತ್ತಿತ್ತು. ಅವರ ಉಪಾಯ ಬೇರೆ ಇತ್ತು, ಮತ್ತು ನನ್ನ ಲೆಕ್ಕದಲ್ಲಿ ಇಡೀ ಸಿಂಪ್ಯೂಟರಿನ ಅತ್ಯುತ್ತಮ ಯೋಚನೆ ಅದೇ. ಯಂತ್ರ ಒಬ್ಬರದಾಗಬೇಕಿಲ್ಲ, ಊರಿಗೊಂದಿರಲಿ. ಪ್ರತಿಯೊಬ್ಬನಿಗೂ ಅವನದೇ ಒಂದು ಸ್ಮಾರ್ಟ್ ಕಾರ್ಡ್. ಕಾರ್ಡು ತೂರಿಸಿದಾಗ ಯಂತ್ರ ನಿಮ್ಮದು, ತೆಗೆದಾಗ ಮುಂದಿನವನದು. ಊರಿಗೊಂದು ಬಾವಿ, ಕೊಡ ಅವರವರದು.

2004ರ ಮಾರ್ಚ್‌ನಲ್ಲಿ 'ಅಮಿಡಾ' ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ರೂಪಿಸಿದ್ದು ಆ ಪ್ರಾಧ್ಯಾಪಕರೇ ಕಟ್ಟಿದ ಪಿಕೊಪೆಟಾ ಕಂಪನಿ, ತಯಾರಿಸಿದ್ದು ಬೆಂಗಳೂರಿನ ಬಿಇಎಲ್. ಅದನ್ನು ಓರೆ ಮಾಡಿದರೆ ಪುಟ ತಿರುಗುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷ ಇತ್ತು. ಕೈಬರಹವನ್ನೇ ಮಿಂಚಂಚೆಯಾಗಿ ಕಳಿಸಬಹುದಿತ್ತು, ಹಾಗಾಗಿ ಕೀಲಿಮಣೆಯ ಜಗಳವಿಲ್ಲದೆ ಯಾವ ಭಾಷೆಯಾದರೂ ಆದೀತು. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಸಿಂಪ್ಯೂಟರ್ ಬಳಸಿತು. ಆದರೂ ಅದು ಊರೂರಿಗೆ ಮುಟ್ಟಲಿಲ್ಲ, ಮಾರಾಟವಾದದ್ದು ಕೆಲವೇ ಸಾವಿರ. ಕಾರಣ ಹೇಳುವವರು ಬೆಲೆ, ಸರ್ಕಾರದ ಆಲಸ್ಯ, ಪ್ರಚಾರದ ಕೊರತೆ ಎಂದೆಲ್ಲ ಹೇಳುತ್ತಾರೆ. ಇರಬಹುದು. ನಾನು ಇನ್ನೊಂದನ್ನು ಸೇರಿಸುತ್ತೇನೆ: ಯಂತ್ರ ಬಂದಿತ್ತು, ಗಾಳಿ ಬಂದಿರಲಿಲ್ಲ. ಅಮಿಡಾವನ್ನು ಜಗತ್ತಿಗೆ ಜೋಡಿಸಬೇಕಾದರೆ ಲ್ಯಾಂಡ್‌ಲೈನಿಗೋ, ಇನ್ನೊಂದು ಮೊಬೈಲಿಗೋ ಕಟ್ಟಬೇಕಿತ್ತು. ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಆರಂಭಿಸಿದ್ದೇ 2002ರ ಅಕ್ಟೋಬರಿನಲ್ಲಿ. ನಿಟ್ಟೂರಿನಂಥ ಊರುಗಳಲ್ಲಿ ಆಗ ದೂರದೊಂದಿಗೆ ಮಾತಾಡುವ ಜಾಗ ಎಂದರೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು, ರಾತ್ರಿಯಾಗಿ ದರ ಇಳಿಯಲಿ ಎಂದು ಕಾಯುವ ಸಾಲು. ಬಾವಿ ತೋಡಿದ್ದರು, ನೀರಿನ ಸೆಲೆ ಇನ್ನೂ ಅಲ್ಲಿಗೆ ಹರಿದಿರಲಿಲ್ಲ.

ಗಾಳಿ ಬರುವ ಹೊತ್ತಿಗೆ ಊರಿಗೊಂದು ಎಂಬ ಮಾತೂ ಹೊರಟುಹೋಗಿ ಒಬ್ಬೊಬ್ಬರಿಗೂ ಒಂದೊಂದು ಫೋನು ಬಂತು. ಹಾಗಾದರೆ ಆ ಯೋಚನೆ ಸತ್ತಿತೆ? ಈ ಬಸ್ಸಿನಲ್ಲಿ ನೋಡಿ. ಐವತ್ತು ಜನರ ನಡುವೆ ಒಂದೇ ಕೈಯಂತ್ರ. ಅದರೊಳಗಿನ ಚಿಪ್ಪು ಅದೇ ಆರ್ಮ್ ವಂಶದ್ದು, ಅದರ ಆಂಡ್ರಾಯ್ಡ್ ನಿಂತಿರುವುದು ಅದೇ ಲಿನಕ್ಸ್ ಮೇಲೆ, ಪರದೆಯಲ್ಲಿ ಕನ್ನಡ. ಎರಡು ಕ್ಷಣ ಅದು ನನ್ನದು, ಮುಂದಿನ ಎರಡು ಕ್ಷಣ ಹಿಂದಿನ ಸೀಟಿನವರದು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಇಡುವ ಯಂತ್ರವೂ ಇದೇ ಸಂತತಿ, ಕಾರ್ಡಿನ ಬದಲು ಬೆರಳು. ಸಿಂಪ್ಯೂಟರ್ ಎಂಬ ಹೆಸರು ಯಾರಿಗೂ ನೆನಪಿಲ್ಲ. ಈ ಕಂಡಕ್ಟರನ್ನೇ ಕೇಳಿದೆ, "ಅದ್ಯಾವುದು ಸಾರ್, ಹೊಸ ಮಾಡಲ್ಲಾ?" ಅಂದರು.

ಟಿಕೆಟ್ಟಿನಲ್ಲಿ 'ನಿಟ್ಟೂರು' ಎಂದು ನೆಟ್ಟಗೆ ಅಚ್ಚಾಗಿತ್ತು. ಇದನ್ನು ಹೇಳಲೇಬೇಕು, ಯಾಕೆಂದರೆ ನಮ್ಮೂರಿನ ಹೆಸರು ಕಂಪ್ಯೂಟರಿಗೆ ಒಂದು ಪರೀಕ್ಷೆ. ಬಾಯಲ್ಲಿ ಮೂರೇ ಅಕ್ಷರ: ನಿ, ಟ್ಟೂ, ರು. ಯುನಿಕೋಡಿನಲ್ಲಿ ಎಂಟು ಸಂಕೇತ: ನ, ಅದರ ಗುಡಿಸು, ಟ, ಅರ್ಧಾಕ್ಷರದ ಗುರುತು, ಮತ್ತೆ ಟ, ದೀರ್ಘ ಕೊಂಬು, ರ, ಕೊಂಬು. ಒಂದೊಂದಕ್ಕೆ ಮೂರು ಬೈಟ್, ಒಟ್ಟು 24. ಇವು ಸಾಲಾಗಿ ನಿಂತರೆ ಓದಲು ಬರುವುದಿಲ್ಲ. ಎರಡನೆಯ ಟಕಾರವನ್ನು ಕುಗ್ಗಿಸಿ ಮೊದಲನೆಯದರ ಕಾಲಡಿಗೆ ಇಡಬೇಕು, ದೀರ್ಘವನ್ನು ಒತ್ತಿನ ಆಚೆ ನಿಲ್ಲಿಸಬೇಕು. ಈ ಜೋಡಣೆಯ ವಿದ್ಯೆ ಇಲ್ಲದ ತಂತ್ರಾಂಶಗಳಲ್ಲಿ ನಮ್ಮೂರು 'ನಿಟ್‌ಟೂರು' ಆಗಿ, ನಡುವೆ ಮುಳ್ಳು ಸಿಕ್ಕಿಕೊಂಡ ಹಾಗೆ ಕಾಣುತ್ತಿತ್ತು. ಹೊಸ ಯಂತ್ರದ ಬಗ್ಗೆ ನನ್ನ ಮೊದಲ ಮೆಚ್ಚುಗೆ ಆ ಒತ್ತಕ್ಷರಕ್ಕೇ ಸಲ್ಲಬೇಕು.

ಅಚ್ಚಾಗುವುದು ಶಾಯಿಯಿಂದಲ್ಲ. ಕಾಗದದ ಮೈಗೆ ಬಣ್ಣವಿಲ್ಲದ ಬಣ್ಣವನ್ನೂ, ಜೊತೆಗೆ ಅದನ್ನು ಕಪ್ಪಾಗಿಸಬಲ್ಲ ಒಂದು ಆಮ್ಲೀಯ ಪುಡಿಯನ್ನೂ ಸವರಿರುತ್ತಾರೆ. ಎರಡೂ ಪಕ್ಕಪಕ್ಕ ಇದ್ದರೂ ಕರಗಿ ಬೆರೆಯದೆ ಮಾತಿಲ್ಲ ಕತೆಯಿಲ್ಲ. ಮುದ್ರಣದ ತಲೆಯಲ್ಲಿ ಮಿಲಿಮೀಟರಿಗೆ ಎಂಟರಂತೆ ಸೂಕ್ಷ್ಮ ಒಲೆಗಳ ಸಾಲು. ಎಲ್ಲಿ ಒಲೆ ಹೊತ್ತಿತೋ ಅಲ್ಲಿ ಎರಡೂ ಕರಗಿ ಕೂಡಿ ಕರಿ ಚುಕ್ಕೆ. ಟಿಕೆಟ್ಟಿನ ಮೇಲೆ ಉಗುರಿನಿಂದ ಜೋರಾಗಿ ಒಂದು ಗೀರು ಎಳೆಯಿರಿ, ಉಜ್ಜಿದ ಬಿಸಿಗೇ ಕಪ್ಪು ಗೆರೆ ಬರುತ್ತದೆ. ಬಿಸಿ ಟೀ ಲೋಟದ ಕೆಳಗಿಟ್ಟರೆ ಕಪ್ಪು ಬಳೆ ಮೂಡುತ್ತದೆ. ಹಾಗೆ ಕೂಡಿದ ಸಂಬಂಧ ಗಟ್ಟಿಯಾದದ್ದೇನಲ್ಲ. ಬಿಸಿಲು, ಎಣ್ಣೆ ಕೈ, ಪ್ಲಾಸ್ಟಿಕ್ ಕವರು, ಬೆವರಿದ ಜೇಬು, ಯಾವುದಾದರೂ ಸಾಕು ಬಿಡಿಸಲು.

ನಿಟ್ಟೂರಿನಲ್ಲಿ ಇಳಿದೆ. ಈಗ ಇದೇ ಹೋಬಳಿಯ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು, ರಸ್ತೆಯಲ್ಲಿ ಓಡಾಟ ಜಾಸ್ತಿ. ನಮ್ಮ ತೋಟದಲ್ಲಿ ಮಾತ್ರ ಈಗಲೂ ಒಂದೇ ಕಡ್ಡಿ.

ಮಾರನೆಯ ದಿನ ವಾಪಸ್ ಹೊರಟಾಗ ಫೋನಿನ ಬ್ಯಾಟರಿ ತಳ ಕಂಡಿತ್ತು, ರಾತ್ರಿಯಿಡೀ ದೂರದ ಟವರಿಗೆ ಕೂಗಿದ ಫಲ. ನೋಟು ಕೊಟ್ಟೆ. ಬೇರೆ ಬಸ್ಸು, ಬೇರೆ ಕಂಡಕ್ಟರ್, ಯಂತ್ರ ಅದೇ ಥರದ್ದು. ಟಿಕೆಟ್ ಹರಿದು, ಕಿವಿಯ ಮೇಲಿನ ಬಾಲ್‌ಪೆನ್ನು ತೆಗೆದು ಹಿಂಬದಿಯಲ್ಲಿ '10' ಎಂದು ಬರೆದು ಸುತ್ತು ಹಾಕಿದರು. "ಚಿಲ್ಲರೆ ಇಳಿಯೋವಾಗ ಇಸ್ಕೊಳಿ." ಇಳಿಯುವಾಗ ಯಾವುದೋ ಯೋಚನೆಯಲ್ಲಿ ಮರೆತೆ. ಎರಡೂ ಟಿಕೆಟ್ಟುಗಳು ಇದನ್ನು ಬರೆಯುವಾಗ ನನ್ನ ಮೇಜಿನ ಮೇಲಿವೆ. ಊರಿನ ಹೆಸರು, ದಿನಾಂಕ, ದರ ಎಲ್ಲ ಮಾಸಿ ಬೂದಿ ಬಣ್ಣಕ್ಕೆ ತಿರುಗಿದೆ. ಹಿಂಬದಿಯ ನೀಲಿ '10' ಮಾತ್ರ ನಿನ್ನೆ ಬರೆದ ಹಾಗಿದೆ.